ಪಿಆರ್ ಕೊಡಿಸಿದ ಡಿಗ್ರಿ ಕೆಲಸ ಕೊಡಿಸಲಿಲ್ಲ: ಕೆನಡಾಕ್ಕೆ ಬಂದ ಒಂದು ಕುಟುಂಬದ ಪ್ರಕರಣ

ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಓದಿದವರು. ಕೈಯಲ್ಲಿ ಪಿಆರ್ (ಕಾಯಂ ಆಗಿ ನೆಲೆಸುವ ಪರವಾನಗಿ), ಬ್ಯಾಂಕಿನಲ್ಲಿ ಹಣ, ಹತ್ತಿರದಲ್ಲೇ ಅಕ್ಕನ ಮನೆ. ಕೆನಡಾಕ್ಕೆ ಇಷ್ಟು ತಯಾರಿ ಮಾಡಿಕೊಂಡು ಬರುವ ಕುಟುಂಬಗಳು ಕಡಿಮೆ. ಹಾಗಿದ್ದೂ ಒಂದು ವರ್ಷ ತುಂಬುವ ಮುಂಚೆಯೇ ಇವರು ವಾಪಸ್ ಟಿಕೆಟ್ಟಿನ ದರ ನೋಡುತ್ತಾ ಕೂತಿದ್ದರು.

ಚಳಿ ಇತ್ತು, ಬಾಡಿಗೆ ಇತ್ತು, ಕೆಲಸ ಸಿಗದ ಕಷ್ಟವೂ ಇತ್ತು. ಅವೆಲ್ಲ ಹೊಸದಾಗಿ ಬಂದ ಯಾರಿಗೂ ತಪ್ಪಿದ್ದಲ್ಲ. ಇವರನ್ನು ಹಣ್ಣು ಮಾಡಿದ್ದು ಬೇರೆ. ಇಬ್ಬರ ವೃತ್ತಿಯೂ ಒಟ್ಟೊಟ್ಟಿಗೆ ದಾರಿಗೆ ಬರುತ್ತೆ ಅಂತ ಇಬ್ಬರೂ ನಂಬಿಕೊಂಡಿದ್ದರು. ಯಾರದ್ದು ಮೊದಲು, ಯಾರು ಕಾಯಬೇಕು ಅನ್ನುವ ಮಾತು ಆ ಮನೆಯಲ್ಲಿ ಒಮ್ಮೆಯೂ ಬಂದಿರಲಿಲ್ಲ.

ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ಹೊಸಬರಿಗೆ ರೆಸ್ಯೂಮೆ ತಿದ್ದಿಕೊಡುವ, ಫಾರ್ಮು ತುಂಬಿಕೊಡುವ ಕೆಲಸ ಬಿಡುವಿದ್ದಾಗ ಮಾಡುತ್ತೇನೆ. ಇವರು ಪರಿಚಯ ಆಗಿದ್ದೂ ಹಾಗೇ. ಹೆಸರು ಹಾಕುವುದಿಲ್ಲ ಅಂದ ಮೇಲೆ ಲೆಕ್ಕಪತ್ರದ ಸಮೇತ ಎಲ್ಲ ಹೇಳಿದರು.

ಯಾರು, ಹೇಗೆ ಬಂದರು

ಹೆಂಡತಿ ಹಲ್ಲಿನ ಡಾಕ್ಟರು. ಬಿಡಿಎಸ್ ಮುಗಿಸಿ ಐದು ವರ್ಷ ಕ್ಲಿನಿಕ್ ನೋಡಿದವರು. ಗಂಡ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಲೀಡ್. ಅರ್ಜಿ ಹಾಕುವಾಗ ಹೆಂಡತಿಗೆ 29, ಗಂಡನಿಗೆ 34. 2020ರಲ್ಲಿ ಹುಟ್ಟಿದ ಒಬ್ಬಳು ಮಗಳು. ಮಿಸ್ಸಿಸಾಗಾ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಲೈಸೆನ್ಸ್ ಇಲ್ಲದವರು ಚಿಕಿತ್ಸೆ ಕೊಡುವ ಜಾಗದಲ್ಲಿ ತಮ್ಮನ್ನು ಡಾಕ್ಟರ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಈ ಬರಹ ಕ್ಲಿನಿಕ್ ಅಲ್ಲವಲ್ಲ, ನಾನು ಡಾಕ್ಟರು ಅಂತಲೇ ಕರೆಯುತ್ತೇನೆ.

ಬಂದದ್ದು ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ. ವಯಸ್ಸು, ಓದು, ಭಾಷೆ, ಅನುಭವ ಎಲ್ಲಕ್ಕೂ ಅಂಕ ಹಾಕಿ, ಜಾಸ್ತಿ ಅಂಕದವರನ್ನು ಮೊದಲು ಕರೆಯುವ ಪದ್ಧತಿ ಇದು. 2015ರಿಂದ ನಡೆದುಕೊಂಡು ಬಂದಿದೆ. ಗಂಡ ಹೆಂಡತಿ ಇಬ್ಬರಲ್ಲಿ ಮುಖ್ಯ ಅರ್ಜಿದಾರರು ಯಾರು ಅನ್ನುವುದು ಇಲ್ಲಿ ದೊಡ್ಡ ಲೆಕ್ಕ. ಜೊತೆಗೆ ಸಂಗಾತಿ ಇದ್ದಾಗ 29ರ ವಯಸ್ಸಿಗೆ 100 ಅಂಕ, 34ಕ್ಕೆ 75. ಗಂಡನ ಬಿಇಗೆ 112. ಬಿಡಿಎಸ್‌ಗೆ ಎಷ್ಟು ಗೊತ್ತಾ? 126. ಲೈಸೆನ್ಸ್ ಬೇಕಾದ ಕೆಲವು ವೃತ್ತಿಗಳ ಡಿಗ್ರಿಯನ್ನು ಈ ಪದ್ಧತಿ ಮಾಸ್ಟರ್ಸ್‌ಗೆ ಸಮ ಅಂತ ಎಣಿಸುತ್ತದೆ, ದಂತವೈದ್ಯಕೀಯ ಅದರಲ್ಲಿ ಒಂದು. ಅಂಥ ಡಿಗ್ರಿಗೆ ಒಳ್ಳೆಯ ಇಂಗ್ಲಿಷ್ ಅಂಕ ಸೇರಿದರೆ ಇನ್ನೂ 25 ಜಾಸ್ತಿ. ಹೀಗೆ ವಯಸ್ಸು, ಡಿಗ್ರಿ ಎರಡರಲ್ಲೇ ಹೆಂಡತಿಯ ಪಾಲಿಗೆ 60ಕ್ಕೂ ಮಿಕ್ಕಿ ಅಂಕ ಮುಂದೆ ಬಂತು. ಡಾಕ್ಟರೇ ಮುಖ್ಯ ಅರ್ಜಿದಾರರಾದರು. ಅಕ್ಕ ಕೆನಡಾದ ಪ್ರಜೆಯಾದ್ದರಿಂದ ಇನ್ನೊಂದು 15. 2023ರ ಜನವರಿಯಲ್ಲಿ 490ಕ್ಕೆ ಕಟ್‌ಆಫ್ ನಿಂತ ಡ್ರಾದಲ್ಲಿ, ಅಂದರೆ ಆಯ್ಕೆಯ ಸುತ್ತಿನಲ್ಲಿ, ಪಿಆರ್‌ಗೆ ಅರ್ಜಿ ಹಾಕಿ ಅಂತ ಕರೆ ಬಂತು.

ಊರಿನ ಕನ್ಸಲ್ಟೆಂಟ್ ಒಬ್ಬರು ಆಗ ಹೇಳಿದ್ದು ಡಾಕ್ಟರಿಗೆ ಈಗಲೂ ಬಾಯಿಪಾಠ: "ಮೇಡಂ, ನಿಮ್ಮ ಡಿಗ್ರಿ ಅಲ್ಲಿ ಮಾಸ್ಟರ್ಸ್‌ಗೆ ಸಮ. ಇನ್ನೇನು ಬೇಕು?"

ಆ ಮಾತು ಸುಳ್ಳಲ್ಲ. ಅಂಕದ ಲೆಕ್ಕದಲ್ಲಿ ಪೂರಾ ನಿಜ. ಡಿಗ್ರಿ ತೂಗಿ ನೋಡಿದ ಸಂಸ್ಥೆಯ ವರದಿಯೂ ಬಂದಿತ್ತು. ಇಸಿಎ ಅಂತಾರಲ್ಲ, ಅದು. ವಲಸೆ ಇಲಾಖೆಗೆ ಕೊಡಲಿಕ್ಕಿರುವ ಕಾಗದ ಅದು, ಹಲ್ಲು ಮುಟ್ಟಲು ಪರವಾನಗಿ ಅಲ್ಲ. ಲೈಸೆನ್ಸ್ ಕೊಡುವವರು ಬೇರೆ, ಅವರ ಅಳತೆ ಬೇರೆ. ಡಾಕ್ಟರಿಗೆ ಪರೀಕ್ಷೆ ಇರುತ್ತೆ ಅಂತ ಗೊತ್ತಿತ್ತು. ಎಷ್ಟು, ಎಷ್ಟು ಕಾಲ, ಎಷ್ಟು ದುಡ್ಡು ಅಂತ ಕೂತು ಓದಿರಲಿಲ್ಲ. ಅಂಕ ಗಿಟ್ಟಿಸುವ ಓಟದಲ್ಲಿ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಎಕ್ಸೆಲ್ ಶೀಟ್

ಇವರದ್ದೊಂದು ಎಕ್ಸೆಲ್ ಶೀಟ್ ಇದೆ. ಹೊರಡುವ ಮುಂಚೆ ಮಾಡಿದ್ದು. ನನಗೆ ತೋರಿಸಿದರು. ತಿಂಗಳಿಗೊಂದು ಕಾಲಂ. ಬಾಡಿಗೆ, ದಿನಸಿ, ಬಸ್ಸು, ಫೋನು, ಮಗಳ ಡೇಕೇರ್ ಎಲ್ಲ ಸಾಲಾಗಿ ಬರೆದಿದೆ. ಚಳಿಗಾಲದ ಜಾಕೆಟ್ಟು, ಬೂಟು, ಗ್ಲೌಸಿಗೇ ಬೇರೆ ಒಂದು ಸಾಲು. ಗಂಡನ ಸಂಬಳ ನಾಲ್ಕನೇ ತಿಂಗಳಿನಿಂದ ಶುರು. ಹದಿಮೂರನೇ ತಿಂಗಳಿಗೆ ಡಾಕ್ಟರ ಸಂಬಳ, ಹಸಿರು ಬಣ್ಣದಲ್ಲಿ. ಡಾಕ್ಟರ ಪರೀಕ್ಷೆ ಫೀಸಿಗೆ ಸಾಲೇ ಇಲ್ಲ.

ನಾಲ್ಕು ತಿಂಗಳು ಎಲ್ಲಿಂದ ಬಂತು ಅಂತ ಕೇಳಿದೆ. "ಅಕ್ಕ ಹೇಳಿದ್ದು. ಭಾವನಿಗೆ ಮೂರು ತಿಂಗಳಲ್ಲಿ ಸಿಕ್ಕಿತ್ತಂತೆ. ನಾವು ಒಂದು ತಿಂಗಳು ಜಾಸ್ತಿನೇ ಇಟ್ಕೊಂಡ್ವಿ."

ಭಾವ ಬಂದದ್ದು 2011ರಲ್ಲಿ. ನೆಂಟರು ಸುಳ್ಳು ಹೇಳುವುದಿಲ್ಲ, ತಾವು ಬಂದ ವರ್ಷದ ಸುದ್ದಿ ಹೇಳುತ್ತಾರೆ. 2023, 2024ರಲ್ಲಿ ಐಟಿ ಕಂಪನಿಗಳು ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. ಇಲ್ಲೇ ಕೆಲಸ ಮಾಡಿ ಕಳೆದುಕೊಂಡ ಟೆಸ್ಟರ್‌ಗಳು, ಇಲ್ಲೇ ಕಾಲೇಜು ಮುಗಿಸಿದ ಹುಡುಗರು, ಹೊಸದಾಗಿ ಇಳಿದವರು, ಎಲ್ಲರೂ ಅದೇ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದರು. ವಲಸೆಯ ಬಗ್ಗೆ ಯಾರಾದರೂ ಸಲಹೆ ಕೊಟ್ಟರೆ ನಾನು ಮೊದಲು ಕೇಳುವುದು ಅವರು ಯಾವ ವರ್ಷ ಬಂದರು ಅಂತ. ನಿಯಮಗಳೂ ಹಾಗೇ. ಇವರು ಬಂದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೆನಡಾ ಸರ್ಕಾರ 2025ರ ಪಿಆರ್ ಗುರಿಯನ್ನು 5 ಲಕ್ಷದಿಂದ 3 ಲಕ್ಷ 95 ಸಾವಿರಕ್ಕೆ ಇಳಿಸಿತು. 2025ರ ಮಾರ್ಚ್‌ನಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಅಂಕವನ್ನೇ ತೆಗೆದುಹಾಕಿತು. ಇವರ ಅನುಭವ ಕೇಳಿ ಈಗ ಅರ್ಜಿ ಹಾಕುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಇನ್ನು ಹಣ. ಮೂವರ ಕುಟುಂಬ ಆಗ ಸುಮಾರು 20 ಸಾವಿರ ಡಾಲರ್ ತೋರಿಸಬೇಕಿತ್ತು. ಇವರು 32 ಸಾವಿರ ತಂದಿದ್ದರು. ಸರ್ಕಾರ ಕೇಳುವ ಮೊತ್ತ ಕುಟುಂಬ ಆರಾಮಾಗಿ ಇರಲು ಸಾಕಾಗುವಷ್ಟು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಮಿಸ್ಸಿಸಾಗಾದಲ್ಲಿ ಇವರು ಹಿಡಿದ ಎರಡು ಕೋಣೆಯ ಬೇಸ್‌ಮೆಂಟಿಗೇ ತಿಂಗಳಿಗೆ 2,050. ವರ್ಷಕ್ಕೆ 24,600 ಆಯಿತಲ್ಲ, ಬರೀ ಬಾಡಿಗೆ.

ಮನೆ ಸಿಕ್ಕಿದ್ದೂ ಸುಲಭಕ್ಕಲ್ಲ. ಒಂಟಾರಿಯೊ ಕಾನೂನಿನಲ್ಲಿ ಬಾಡಿಗೆಗೆ ಠೇವಣಿ ಅಂತ ಮಾಲೀಕರು ಕೇಳಬಹುದಾದದ್ದು ಕೊನೆಯ ಒಂದು ತಿಂಗಳ ಬಾಡಿಗೆ ಮಾತ್ರ. ಆದರೆ ಜಾಬ್ ಲೆಟರ್ ಇಲ್ಲ, ಕ್ರೆಡಿಟ್ ಸ್ಕೋರ್ ಇಲ್ಲ ಅಂದರೆ ಮಾಲೀಕರು ಫೋನ್ ಎತ್ತುವುದನ್ನೇ ಬಿಡುತ್ತಾರೆ. ಸ್ಕೋರ್ ಇಲ್ಲಿ 300ರಿಂದ 900ರವರೆಗೆ. ಊರಿನಲ್ಲಿ ಒಂದು ಕಂತೂ ತಪ್ಪಿಸದೆ ಸಾಲ ತೀರಿಸಿದ ದಾಖಲೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೊನೆಗೆ ಭಾವ ಗ್ಯಾರಂಟಿ ಸಹಿ ಹಾಕಿದ ಮೇಲೆ ಬೇಸ್‌ಮೆಂಟಿನ ಕೀಲಿ ಕೈಗೆ ಬಂತು.

ಅಂದುಕೊಂಡದ್ದಕ್ಕಿಂತ ಚೆನ್ನಾಗಿ ನಡೆದದ್ದೂ ಇದೆ. ಒಂಟಾರಿಯೊದ ಆರೋಗ್ಯ ಕಾರ್ಡಿಗೆ ಮೂರು ತಿಂಗಳು ಕಾಯಬೇಕಾದ ನಿಯಮ 2020ರಲ್ಲೇ ಹೋಗಿದೆ. ಬಂದ ವಾರವೇ ಅರ್ಜಿ ಹಾಕಿದರು. ನಾಲ್ಕು ತುಂಬುವ ವರ್ಷದ ಸೆಪ್ಟೆಂಬರ್‌ನಿಂದ ಸರ್ಕಾರಿ ಶಾಲೆಯಲ್ಲಿ ಜೂನಿಯರ್ ಕಿಂಡರ್‌ಗಾರ್ಟನ್, ಇಡೀ ದಿನ, ಫೀಸಿಲ್ಲ. ಮಗಳು ಅಲ್ಲಿಗೆ ಸೇರಿದಳು. ಮಕ್ಕಳಿರುವವರಿಗೆ ಸರ್ಕಾರದಿಂದ ಬರುವ ಚೈಲ್ಡ್ ಬೆನಿಫಿಟ್ ಶೀಟಿನಲ್ಲಿ ಇರಲೇ ಇಲ್ಲ, ಇವರಿಗೆ ಅದು ಗೊತ್ತೇ ಇರಲಿಲ್ಲ. ಆ ವರ್ಷ ಆರು ವರ್ಷದೊಳಗಿನ ಮಗುವಿಗೆ ಗರಿಷ್ಠ 7,787 ಡಾಲರ್ ಇತ್ತು. ಹೊಸಬರು ಬರುವ ಮುಂಚಿನ ವರ್ಷಗಳ ಆದಾಯವನ್ನೂ ಬರೆದುಕೊಡಬೇಕು. ಊರಲ್ಲಿ "ಒಳ್ಳೆ ಸಂಬಳ" ಅನ್ನಿಸಿಕೊಂಡಿದ್ದ ರೂಪಾಯಿ ಡಾಲರ್‌ಗೆ ಇಳಿದಾಗ ಎಷ್ಟು ಕುಗ್ಗಿತೆಂದರೆ, ಹೆಚ್ಚುಕಮ್ಮಿ ಪೂರ್ತಿ ಮೊತ್ತವೇ ಸಿಕ್ಕಿತು! ತಿಂಗಳಿಗೆ 640ರ ಆಸುಪಾಸು. ಅದು ಕೈಗೆ ಬರುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಹಿಂದಿನ ಬಾಕಿಯೂ ಸೇರಿ ಬಂದ ದಿನ ಇಬ್ಬರೂ ಮೊದಲ ಸಲ ಹೊರಗೆ ಊಟಕ್ಕೆ ಹೋದರಂತೆ.

ಗಂಡನ ನಾಲ್ಕನೇ ತಿಂಗಳು

ನಾಲ್ಕನೇ ತಿಂಗಳಿಗೆ ಗಂಡನ ಕೈಯಲ್ಲಿ ಇದ್ದದ್ದು ಸ್ಟೀಲ್ ಟೋ ಶೂ, ತುದಿಗೆ ಉಕ್ಕು ಇರುವ ಕೆಲಸದ ಬೂಟು. ಏಜೆನ್ಸಿ ಮೂಲಕ ಒಂದು ವೇರ್‌ಹೌಸಿನಲ್ಲಿ ರಾತ್ರಿ ಪಾಳಿ. ಡಬ್ಬ ಸ್ಕ್ಯಾನ್ ಮಾಡು, ಪ್ಯಾಲೆಟ್‌ಗೆ ಏರಿಸು, ಪ್ಲಾಸ್ಟಿಕ್ ಸುತ್ತು. ಹೊಸಬರ ಭಾಷೆಯಲ್ಲಿ ಸರ್ವೈವಲ್ ಜಾಬ್, ಹೊಟ್ಟೆಪಾಡಿನ ಕೆಲಸ. ಒಂಟಾರಿಯೊದ ಕನಿಷ್ಠ ಕೂಲಿ ಆಗ ಗಂಟೆಗೆ 16.55, ಅಕ್ಟೋಬರ್‌ನಲ್ಲಿ 17.20 ಆಯಿತು. ವಾರಕ್ಕೆ 40 ಗಂಟೆ ದುಡಿದರೆ 662 ಡಾಲರ್. ಅದರಲ್ಲಿ ತೆರಿಗೆ, ಪೆನ್ಷನ್, ನಿರುದ್ಯೋಗ ವಿಮೆ ಹಿಡಿದು ತಿಂಗಳಿಗೆ ಕೈಗೆ ಬಂದದ್ದು 2,400ರ ಒಳಗೆ. ಬಾಡಿಗೆ ಕೊಟ್ಟರೆ ಉಳಿಯುವುದು ಮುನ್ನೂರು ಚಿಲ್ಲರೆ.

ಅದಕ್ಕೂ ಮುಂಚೆ ರೆಸ್ಯೂಮೆ ಕಳಿಸಿ ಕಳಿಸಿ ಸುಸ್ತಾಗಿದ್ದರು. ಅವರ ರೆಸ್ಯೂಮೆ ನಾನೂ ನೋಡಿದ್ದೆ. ನಾಲ್ಕು ಪುಟ. ಫೋಟೋ, ಹುಟ್ಟಿದ ತಾರೀಖು, ಅಪ್ಪನ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಎಲ್ಲ ಇತ್ತು. ಇಲ್ಲಿ ಅವ್ಯಾವುವೂ ಬೇಡ. ಎರಡು ಪುಟಕ್ಕೆ ಇಳಿಸಿದೆವು. "ತಂಡವನ್ನು ಮುನ್ನಡೆಸಿದೆ" ಅಂತಿದ್ದ ಕಡೆ ಎಷ್ಟು ಜನ, ಯಾವ ಪ್ರಾಜೆಕ್ಟ್, ಏನು ಉಳಿತಾಯ ಅಂತ ಬರೆದೆವು. ಇಂಟರ್‌ವ್ಯೂ ಬರಲು ಶುರುವಾಯಿತು, ಕೆಲಸ ಬರಲಿಲ್ಲ. ಟೆಸ್ಟಿಂಗ್ ಬಗ್ಗೆ ಏನು ಕೇಳಿದರೂ ಅವರು ಹೇಳಬಲ್ಲರು. "ಮ್ಯಾನೇಜರ್ ಜೊತೆ ನಿಮಗೆ ಭಿನ್ನಾಭಿಪ್ರಾಯ ಬಂದ ಒಂದು ಸಂದರ್ಭ ಹೇಳಿ" ಅಂದರೆ ತಡವರಿಸುತ್ತಿದ್ದರು. "ಸರ್, ಮ್ಯಾನೇಜರ್ ಜೊತೆ ಜಗಳ ಆಡಿದ್ದನ್ನ ಇಂಟರ್‌ವ್ಯೂನಲ್ಲಿ ಹೇಳ್ತಾರಾ ಯಾರಾದ್ರೂ?" ಅಂತ ನನ್ನನ್ನೇ ಕೇಳಿದರು. ಹೇಳಬೇಕು. ಜಗಳ ಹೇಗೆ ಬಗೆಹರಿಯಿತು ಅನ್ನುವುದನ್ನು ಕತೆಯ ಹಾಗೆ, ಮೂರು ನಿಮಿಷದಲ್ಲಿ.

ಆಮೇಲೆ ಎಲ್ಲರ ತಲೆ ಕೆಡಿಸುವ "ಕೆನಡಿಯನ್ ಎಕ್ಸ್‌ಪೀರಿಯನ್ಸ್". ಕೆಲಸ ಬೇಕಾದರೆ ಇಲ್ಲಿನ ಅನುಭವ ಬೇಕು, ಅನುಭವ ಬೇಕಾದರೆ ಇಲ್ಲಿ ಕೆಲಸ ಬೇಕು. ಇದು ತಾರತಮ್ಯಕ್ಕೆ ದಾರಿ ಮಾಡುತ್ತದೆ ಅಂತ ಒಂಟಾರಿಯೊದ ಮಾನವ ಹಕ್ಕು ಆಯೋಗ 2013ರಲ್ಲೇ ಹೇಳಿತ್ತು. 2026ರ ಜನವರಿ 1ರಿಂದ 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಅದನ್ನು ಕೇಳುವಂತಿಲ್ಲ ಅನ್ನುವ ಕಾನೂನೂ ಬಂತು. ಒಳ್ಳೆಯದೇ. ಆದರೆ ಈ ಕುಟುಂಬ ಎದುರಿಸಿದ್ದು ಜಾಹೀರಾತಿನ ಸಾಲನ್ನಲ್ಲ. ನೂರಾರು ರೆಸ್ಯೂಮೆ ಬಂದಾಗ ಮ್ಯಾನೇಜರು ಗೊತ್ತಿರುವವರು ಯಾರಾದರೂ ಹೆಸರು ಹೇಳಿದವರನ್ನು ಮೊದಲು ಕರೆಯುತ್ತಾರೆ. ಹೆಸರು ಹೇಳುವವರು ಇವರಿಗೆ ಇರಲಿಲ್ಲ.

ಊರಿಗೆ ಮಾತ್ರ ವೇರ್‌ಹೌಸಿನ ಸುದ್ದಿ ಹೋಗಲಿಲ್ಲ. ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಅಮ್ಮ ಬೆಳಿಗ್ಗೆ ಎದ್ದು ಫೋನ್ ಮಾಡಿದರೆ ಇಲ್ಲಿ ಮಗ ಪಾಳಿಗೆ ಹೊರಟಿರುತ್ತಿದ್ದರು.

"ಇಷ್ಟೊತ್ತಲ್ಲಿ ಎಲ್ಲಿಗಪ್ಪಾ?"

"ಆಫೀಸಿಗೆ ಅಮ್ಮ."

"ರಾತ್ರಿ ಹೊತ್ತು ಎಂಥಾ ಆಫೀಸು?"

"ಇಂಡಿಯಾ ಟೀಮ್ ಜೊತೆ ಮಾತಾಡೋದಿರುತ್ತೆ ಅಮ್ಮ, ಅದಕ್ಕೆ."

ಇದನ್ನು ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಊರಲ್ಲಿದ್ದಾಗ ರಾತ್ರಿ ಕೆಲಸಕ್ಕೆ ಅಮೆರಿಕಾ ಟೀಮಿನ ನೆಪ ಇರುತ್ತಿತ್ತಂತೆ.

ಸಕ್ಷನ್ ಹಿಡಿದ ಕೈ

ಈ ಪ್ರಕರಣದ ಗಂಟು ಇರುವುದು ಡಾಕ್ಟರ ಕಡೆ. ಗಂಡನದ್ದು ಮಾರುಕಟ್ಟೆಯ ಸಮಸ್ಯೆ. ಮಾರುಕಟ್ಟೆ ಇವತ್ತು ಬಿದ್ದರೆ ನಾಳೆ ಏಳುತ್ತೆ. ಡಾಕ್ಟರದ್ದು ಲೈಸೆನ್ಸ್ ಪಡೆಯುವ ವೃತ್ತಿ. ಅದಕ್ಕೆ ಮೆಟ್ಟಿಲು ಎಣಿಸಿಯೇ ಹತ್ತಬೇಕು.

ಕೆನಡಾದಲ್ಲಿ ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿದ ದಂತವೈದ್ಯರಿಗೆ ಎನ್‌ಡಿಇಬಿ ಎನ್ನುವ ರಾಷ್ಟ್ರೀಯ ಪರೀಕ್ಷಾ ಮಂಡಳಿ ಇದೆ. ಮೊದಲು ಕಾಲೇಜಿನ ದಾಖಲೆ ತರಿಸಿ ಪರಿಶೀಲನೆ. ಆಮೇಲೆ ಎಎಫ್‌ಕೆ, ಓದಿದ್ದೆಲ್ಲ ಎಷ್ಟು ನೆನಪಿದೆ ಅಂತ ನೋಡುವ ಬಹುಆಯ್ಕೆ ಪರೀಕ್ಷೆ. ಅದರ ಮೇಲೆ ಎಸಿಜೆ, ಎಕ್ಸ್‌ರೇ, ಕೇಸು ಕೊಟ್ಟು ನಿರ್ಧಾರ ಕೇಳುವಂಥದ್ದು. ಅದೂ ಆದರೆ ಒಟ್ಟಾವಾದಲ್ಲಿ ಎರಡು ದಿನದ ಎನ್‌ಡಿಇಸಿಸಿ, ಬೊಂಬೆಯ ಬಾಯಲ್ಲಿ ಹಲ್ಲು ಕೊರೆದು ತುಂಬಿ ತೋರಿಸಬೇಕು. ಇಷ್ಟಕ್ಕೆ ಇಲ್ಲಿ ಓದಿದವರ ಸಮಕ್ಕೆ ಬಂದ ಹಾಗಾಯಿತು, ಅಷ್ಟೇ. ಇಲ್ಲಿ ಓದಿದವರು ಬರೆಯುವ ಕೊನೆಯ ಪರೀಕ್ಷೆ ಇನ್ನೂ ಬಾಕಿ. ಅದು ಮುಗಿದ ಮೇಲೆ ಪ್ರಾಂತ್ಯದ ನೋಂದಣಿ. ಒಂದೊಂದು ಮೆಟ್ಟಿಲಿಗೂ ಫೀಸು, ಎಲ್ಲ ಸೇರಿದರೆ ಸಾವಿರಗಟ್ಟಲೆ ಡಾಲರ್. ಮೊದಲ ಮೂರು ಪರೀಕ್ಷೆಗೆ ತಲಾ ಮೂರು ಸಲ ಮಾತ್ರ ಅವಕಾಶ. ಇದು ಬೇಡ ಅಂದರೆ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿ ಪೂರ್ತಿ ಮಾಡುವ ಕೋರ್ಸ್ ಇದೆ. ಫೀಸು ಒಂದು ಲಕ್ಷ ಡಾಲರ್ ದಾಟುತ್ತದೆ.

ಎಕ್ಸೆಲ್ ಶೀಟಿನ ಹಸಿರು ಕಾಲಂ ಇದ್ಯಾವುದನ್ನೂ ನೋಡದೆ ಬರೆದದ್ದು.

ಅರ್ಜಿ ಹಾಕಿ ದಾಖಲೆ ಪರಿಶೀಲನೆ ಮುಗಿಸುವುದನ್ನು ಊರಲ್ಲಿದ್ದಾಗಲೇ ಮಾಡಬಹುದಿತ್ತು. ಕರೆ ಬಂದದ್ದು 2023ರ ಜನವರಿಗೆ, ಇಳಿದದ್ದು 2024ರ ಏಪ್ರಿಲ್‌ಗೆ. ನಡುವೆ ಒಂದು ವರ್ಷಕ್ಕೂ ಮಿಕ್ಕಿ ಕಾಲ ಇತ್ತು. ಪಿಆರ್‌ಗೆ ಅಂತ ಮಾಡಿಸಿದ ಮೆಡಿಕಲ್ ತಪಾಸಣೆಯ ವಾಯಿದೆ ಮುಗಿಯುವ ತನಕ ಊರಲ್ಲೇ ಇದ್ದು ಹಣ ಕೂಡಿಸಿದರು. ಅದು ಜಾಣತನವೇ. ಕಾಲೇಜಿನ ಕಚೇರಿಗೆ ಹೋಗಿ ಕಾಗದ ಮಾಡಿಸಿಕೊಳ್ಳಲು ಒಂದು ವಾರ ಎತ್ತಿಟ್ಟಿದ್ದರೆ ಸಾಕಿತ್ತು. ಇಲ್ಲಿಗೆ ಬಂದ ಮೇಲೆ ಅದೇ ಕಾಗದಕ್ಕೆ ಊರಿನಲ್ಲಿ ಡಾಕ್ಟರ ಸಹೋದರ ಕೌಂಟರಿಂದ ಕೌಂಟರಿಗೆ ಅಲೆದರು. ಐದು ತಿಂಗಳು ಹಿಡಿಯಿತು. ಲೈಸೆನ್ಸ್ ಬೇಕಾದ ವೃತ್ತಿಯವರು ಯಾರೇ ಬರಲಿ, ನರ್ಸು, ಫಾರ್ಮಸಿಸ್ಟು, ಫಿಸಿಯೋ, ಟೀಚರು, ನಾನು ಮೊದಲು ಕೇಳುವುದು ಕಾಗದ ಎಲ್ಲಿವರೆಗೆ ಬಂತು ಅಂತಲೇ.

ಕಾಯುವ ಹೊತ್ತಿಗೆ ಡಾಕ್ಟರು ಒಂದು ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿ ಸೇರಿದರು. ಗಂಟೆಗೆ 19 ಡಾಲರ್, ವಾರಕ್ಕೆ ಮೂರು ದಿನ. ಟ್ರೇ ಜೋಡಿಸುವುದು, ಉಪಕರಣ ಸ್ಟೆರಿಲೈಸ್ ಮಾಡುವುದು, ಪಕ್ಕದಲ್ಲಿ ಕೂತು ಸಕ್ಷನ್, ಅಂದರೆ ರೋಗಿಯ ಬಾಯಲ್ಲಿನ ನೀರು ಹೀರುವ ಕೊಳವೆ, ಹಿಡಿಯುವುದು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಬರೀ ಹೆಸರು. ಕ್ರೌನ್‌ಗೆ (ಹಲ್ಲಿಗೆ ಹಾಕುವ ಟೋಪಿ) ಹಲ್ಲು ಕೊರೆಯುತ್ತಿದ್ದ ಹೊಸ ಹುಡುಗಿಯೊಬ್ಬಳು, ಕಾಲೇಜು ಮುಗಿಸಿ ವರ್ಷ ಆಗಿತ್ತಷ್ಟೇ, ಹಿಂಬದಿಯ ಅಂಚನ್ನು ಸರಿಯಾಗಿ ಇಳಿಸಿರಲಿಲ್ಲ. ಕೂತ ಜಾಗದಿಂದ ಡಾಕ್ಟರಿಗೆ ಅದು ಸ್ಪಷ್ಟ ಕಾಣುತ್ತಿತ್ತು. ರೋಗಿ ಬಾಯಿ ಬಿಟ್ಟುಕೊಂಡು ಮಲಗಿದ್ದಾರೆ. ಏನು ಮಾಡುವುದು? ಸಕ್ಷನ್‌ನ ತುದಿಯನ್ನು ಸುಮ್ನೆ ಆ ಅಂಚಿನ ಹತ್ತಿರ ತಂದು ಹಿಡಿದರಂತೆ. ಹುಡುಗಿ ನೋಡಿದಳು, ಅರ್ಥ ಆಯಿತು, ಇನ್ನೊಂದು ಸಲ ಕೊರೆಯುವ ಬರ್ ಆಡಿಸಿದಳು. ಮಧ್ಯಾಹ್ನ ಊಟದ ಕೋಣೆಯಲ್ಲಿ ಬಂದು "ನೀವು ಡೆಂಟಿಸ್ಟಾ?" ಅಂತ ಕೇಳಿದಳು. ಎಎಫ್‌ಕೆಗೆ ತನ್ನ ಹಳೆಯ ನೋಟ್ಸ್ ತಂದುಕೊಟ್ಟವಳು ಆಮೇಲೆ ಅವಳೇ.

ಅದೇ ಚಳಿಗಾಲ ಡಾಕ್ಟರದ್ದೇ ಹಲ್ಲಿನ ಹಳೆಯ ಫಿಲ್ಲಿಂಗ್ ಉದುರಿತು. ಕೆನಡಾದಲ್ಲಿ ಆಸ್ಪತ್ರೆ ಉಚಿತ ಅಂತ ಎಲ್ಲರಿಗೂ ಗೊತ್ತು. ದೊಡ್ಡವರ ಹಲ್ಲು, ಕಣ್ಣಿನ ಮಾಮೂಲಿ ತಪಾಸಣೆ, ಅಂಗಡಿಯಲ್ಲಿ ಕೊಳ್ಳುವ ಔಷಧಿ ಆ ಕಾರ್ಡಿನಲ್ಲಿ ಬರುವುದಿಲ್ಲ ಅನ್ನುವುದು ಬಂದ ಮೇಲೆ ಗೊತ್ತಾಗುತ್ತದೆ. ಪಾರ್ಟ್‌ಟೈಮ್ ಕೆಲಸಕ್ಕೆ ವಿಮೆ ಇರಲಿಲ್ಲ. ಆದಾಯ ಕಡಿಮೆ ಇರುವವರಿಗೆ ಕೇಂದ್ರ ಸರ್ಕಾರ ತಂದ ದಂತ ಯೋಜನೆ 18ರಿಂದ 64ರ ವಯಸ್ಸಿನವರಿಗೆ ತೆರೆದದ್ದು 2025ರ ಮೇನಲ್ಲಿ, ಅದಕ್ಕೂ ಇಲ್ಲಿ ತೆರಿಗೆ ರಿಟರ್ನ್ ಸಲ್ಲಿಸಿರಬೇಕು. ಹಲ್ಲಿನ ಡಾಕ್ಟರು ಹಲ್ಲುನೋವಿಗೆ ಮಾತ್ರೆ ನುಂಗಿಕೊಂಡು ಎರಡು ವಾರ ಕಳೆದರು. ಕೊನೆಗೆ ಕ್ಲಿನಿಕ್‌ನ ಮಾಲೀಕ ಡಾಕ್ಟರೇ ಶನಿವಾರ ಸಂಜೆ ಕೂರಿಸಿಕೊಂಡು ದುಡ್ಡು ತೆಗೆದುಕೊಳ್ಳದೆ ತುಂಬಿಕೊಟ್ಟರು.

ಮಾರ್ಚ್ ತಿಂಗಳ ಜಗಳ

ಮೊದಲ ಎಎಫ್‌ಕೆ ಹೋಯಿತು. ಪಾಸಾಗಲು 75 ಬೇಕು, ಬಂದದ್ದು 71.

ಅವರ ದಿನಚರಿ ನೋಡಿದರೆ 71 ಬಂದದ್ದೇ ಹೆಚ್ಚು. ಗಂಡ ಬೆಳಿಗ್ಗೆ ಏಳಕ್ಕೆ ಪಾಳಿಯಿಂದ ಬಂದು ಮಲಗುತ್ತಾರೆ. ಡಾಕ್ಟರು ಮಗಳನ್ನು ಶಾಲೆಗೆ ಬಿಟ್ಟು ಕ್ಲಿನಿಕ್‌ಗೆ. ಶಾಲೆ ಮೂರೂವರೆಗೆ ಬಿಡುತ್ತದೆ, ಕ್ಲಿನಿಕ್ ಐದಕ್ಕೆ. ನಡುವಿನ ಹೊತ್ತಿಗೆ ನಿದ್ದೆ ಮುಗಿಯದ ಗಂಡ ಎದ್ದು ಹೋಗಬೇಕು. ಓದು ಶುರುವಾಗುವುದು ರಾತ್ರಿ ಹತ್ತಕ್ಕೆ. ಗಂಡ ಇಂಟರ್‌ವ್ಯೂ ತಯಾರಿ ಮಾಡುವುದು ವೇರ್‌ಹೌಸಿನ ಬ್ರೇಕಿನಲ್ಲಿ, ಫೋನಿನಲ್ಲಿ. ಅರ್ಧ ಅರ್ಧ ಹಂಚಿಕೊಂಡರೆ ನ್ಯಾಯ ಅಂತ ಇಬ್ಬರೂ ಅಂದುಕೊಂಡಿದ್ದರು. ಹಂಚಿಕೊಂಡದ್ದು ಆಯಾಸ. ಇಬ್ಬರಿಗೂ ಪೂರ್ತಿ ಒಂದು ಪ್ರಯತ್ನ ಮಾಡುವಷ್ಟು ಉಸಿರು ಉಳಿಯಲಿಲ್ಲ.

ಫಲಿತಾಂಶ ಬಂದ ರಾತ್ರಿ ಜಗಳ ಆಯಿತು. ನನಗೆ ಹೇಳಿದ್ದು ಇಬ್ಬರೂ ಬೇರೆ ಬೇರೆಯಾಗಿ, ಆದರೂ ಮಾತು ಒಂದೇ ತರಹ ಇತ್ತು.

"ನನ್ನ ಡಿಗ್ರಿಯಿಂದ ನಾವೆಲ್ಲ ಬಂದಿದ್ದು ಕಣ್ರೀ. ನಾನೇ ಇಲ್ಲಿ ಕಪ್ಪು ತೊಳೀತಿದ್ದೀನಿ."

"ನಾನೇನು ಆಫೀಸರ್ ಆಗಿದ್ದೀನಾ? ಡಬ್ಬ ಹೊರ್ತಾ ಇದ್ದೀನಿ. ನಿನಗೆ ಓದೋಕೆ ಅಂತ ತಾನೆ?"

"ನನಗೆ ಓದೋಕೆ ಅಂತ ನೀವು ಯಾವತ್ತು ಹೇಳಿದ್ರಿ? ನಿಮಗೆ ಬೇರೆ ಕೆಲಸ ಸಿಕ್ಕಿಲ್ಲ, ಅದಕ್ಕೆ ಹೋಗ್ತಿದ್ದೀರಿ ಅಂತ ನಾನು ಅಂದ್ಕೊಂಡಿದ್ದೆ."

ಒಂದು ವರ್ಷ ಗಂಡ ತಾನು ತ್ಯಾಗ ಮಾಡುತ್ತಿದ್ದೇನೆ ಅಂದುಕೊಂಡಿದ್ದರು, ಹೆಂಡತಿ ತಾನು. ಟಿಕೆಟ್ಟಿನ ದರ ನೋಡಿದ್ದು ಮಾರನೇ ದಿನ.

ಹೋಗುವುದೇ ಆದರೆ ಏನಾಗುತ್ತೆ ಅಂತ ಕೇಳಲು ನನ್ನ ಹತ್ತಿರ ಬಂದರು. ಕಾಗದದ ಮೇಲೆ ದಿನ ಎಣಿಸಿದೆವು. ಪಿಆರ್ ಉಳಿಯಬೇಕಾದರೆ ಐದು ವರ್ಷದಲ್ಲಿ 730 ದಿನ ಇಲ್ಲಿರಬೇಕು. ಇವರದ್ದು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಈಗ ಹೋದರೆ 2029ರ ಏಪ್ರಿಲ್ ಒಳಗೆ ಮತ್ತೆ ಒಂದು ವರ್ಷಕ್ಕಿಂತ ಜಾಸ್ತಿ ಇರುವ ಹಾಗೆ ಬರಬೇಕು. ಇಲ್ಲೇ ಇದ್ದರೆ 2027ರ ಏಪ್ರಿಲ್‌ಗೆ 1,095 ದಿನ ತುಂಬಿ ಪೌರತ್ವಕ್ಕೆ ಅರ್ಜಿ ಹಾಕಬಹುದು. ಗಂಡ ಊರಿಗೆ ಹೋಗಿ ದುಡಿಯುವುದು, ಹೆಂಡತಿ ಮಗು ಇಲ್ಲಿ, ಅನ್ನುವ ದಾರಿಯನ್ನೂ ಮಾತಾಡಿದೆವು. ಹಾಗೆ ಮಾಡಿದ ಕುಟುಂಬಗಳು ನನಗೆ ಗೊತ್ತು. ಹಣದ ಕಷ್ಟ ಕಡಿಮೆ ಆಗುತ್ತೆ, ಉಳಿದದ್ದೆಲ್ಲ ಜಾಸ್ತಿ ಆಗುತ್ತೆ. ಡಾಕ್ಟರು ಒಪ್ಪಲಿಲ್ಲ. ವಾಪಸ್ ಹೋಗುವುದು ಸೋಲು ಅಂತ ನಾನು ಹೇಳುವವನಲ್ಲ. ಬಂದ 20 ವರ್ಷದೊಳಗೆ ನೂರರಲ್ಲಿ 15ಕ್ಕೂ ಹೆಚ್ಚು ವಲಸಿಗರು ಕೆನಡಾ ಬಿಡುತ್ತಾರೆ ಅಂತ ಸ್ಟ್ಯಾಟಿಸ್ಟಿಕ್ಸ್ ಕೆನಡಾವೇ 2024ರಲ್ಲಿ ಹೇಳಿದೆ.

ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಮಗುವಿನ ಜವಾಬ್ದಾರಿ ಹಗುರಾಗುತ್ತೆ ಅನ್ನುವ ಆಸೆ ಇತ್ತು. ಅದೂ ಶೀಟಿನಲ್ಲಿ ಬರೆಯದ ಒಂದು ನಿರೀಕ್ಷೆ. ಪೋಷಕರಿಗೆ ಪಿಆರ್ ಕೊಡಿಸುವ ಯೋಜನೆಯಲ್ಲಿ 2021ರಿಂದ 2025ರವರೆಗೂ ಕರೆದದ್ದು 2020ರಲ್ಲಿ ಹೆಸರು ಕೊಟ್ಟವರನ್ನೇ. ಪೋಷಕರಿಗೆ ಅಂತ ಇರುವ ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷ ಇರಬಹುದು, ಆದರೆ ಮಕ್ಕಳಿಗೆ ನಿಗದಿಯಷ್ಟು ಆದಾಯ ಇರಬೇಕು, ಕನಿಷ್ಠ 1 ಲಕ್ಷ ಡಾಲರ್‌ನ ವೈದ್ಯಕೀಯ ವಿಮೆ ಕೊಳ್ಳಬೇಕು. ವೇರ್‌ಹೌಸಿನ ಸಂಬಳಕ್ಕೆ ಅದು ದಕ್ಕುವ ಮಾತಲ್ಲ. ವಿಸಿಟರ್ ವೀಸಾದಲ್ಲಿ ಡಾಕ್ಟರ ಅಮ್ಮ ಒಬ್ಬರೇ ಬೇಸಿಗೆಗೆ ಬಂದರು. ಅಳಿಯನ ಸ್ಟೀಲ್ ಟೋ ಶೂ ಬಾಗಿಲ ಹತ್ತಿರವೇ ಇತ್ತು, ಮುಚ್ಚಿಡಲು ಆಗಲಿಲ್ಲ. ಅವರು ಏನೂ ಕೇಳಲಿಲ್ಲವಂತೆ. ಎರಡು ದಿನ ಬಿಟ್ಟು ಮಗಳಿಗೆ ಹೇಳಿದರಂತೆ: "ಮಗೂನ ನಾನು ನೋಡ್ಕೋತೀನಿ, ನೀನು ಓದ್ಕೋ."

ಅಷ್ಟು ಹೊತ್ತಿಗೆ ಇವರೂ ಸರದಿ ಬರೆದುಕೊಂಡಿದ್ದರು. ಹೊಸ ಶೀಟ್. ಜೂನ್ ತನಕ ಗಂಡನದ್ದೇ ಮೊದಲು: ಡಾಕ್ಟರು ಕ್ಲಿನಿಕ್‌ನಲ್ಲಿ ಐದು ದಿನ ಮಾಡುವುದು, ಗಂಡ ವಾರಕ್ಕೆ ಎರಡೇ ರಾತ್ರಿ ಪಾಳಿ ಇಟ್ಟುಕೊಂಡು ಹಗಲು ಜನರನ್ನು ಭೇಟಿ ಮಾಡುವುದು. ಜೂನ್ ಆದ ಮೇಲೆ ಏನೇ ಆಗಲಿ, ಡಾಕ್ಟರ ಸರದಿ. ಆಗ ಆಕೆ ಕ್ಲಿನಿಕ್ ಬಿಟ್ಟು ಓದಬೇಕು, ಗಂಡ ವೇರ್‌ಹೌಸಿನಲ್ಲೇ ಇದ್ದರೂ ಸರಿ. ಬೇರೆಯವರಿಗೆ ಇದರ ಉಲ್ಟಾ ಸರಿ ಹೋಗಬಹುದು. ಉಳಿತಾಯ ಇನ್ನೂ ಇದ್ದ ಮೊದಲ ಆರು ತಿಂಗಳು ಡಾಕ್ಟರೇ ಓದಿಗೆ ಕೂತಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅನ್ನುವುದು ನನ್ನ ಅಭಿಪ್ರಾಯ. ಉದ್ದ ದಾರಿ ಇರುವವರು ಮೊದಲು ಹೊರಡಬೇಕು, ಅಲ್ವಾ? ಆದರೆ ದಾಖಲೆಗಳು ಆಗ ಊರಿನ ಕೌಂಟರಿನಲ್ಲಿ ಸಿಕ್ಕಿಕೊಂಡಿದ್ದವು.

ಈಗ ಎಲ್ಲಿದ್ದಾರೆ

ಗಂಡನಿಗೆ 2025ರ ಜೂನ್‌ನಲ್ಲಿ ಕೆಲಸ ಸಿಕ್ಕಿತು. ಟೊರೊಂಟೊದ ಒಂದು ಬ್ಯಾಂಕಿನಲ್ಲಿ ಕ್ಯೂಎ ಅನಲಿಸ್ಟ್, ಅಂದರೆ ಟೆಸ್ಟಿಂಗ್ ಕೆಲಸವೇ, ಆರು ತಿಂಗಳ ಕಾಂಟ್ರ್ಯಾಕ್ಟ್, ಗಂಟೆಗೆ 36 ಡಾಲರ್. ಊರಲ್ಲಿ ಇದ್ದ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ. ಹೆಸರು ಹೇಳಿದವರು ಮಗಳ ಕ್ಲಾಸಿನ ಹುಡುಗನೊಬ್ಬನ ಅಪ್ಪ, ಶಾಲೆ ಗೇಟಿನಲ್ಲಿ ಪರಿಚಯ ಆದವರು. ಕಾಂಟ್ರ್ಯಾಕ್ಟ್ ಒಂದು ಸಲ ಮುಂದುವರಿದಿದೆ. ಮಿಲ್ಟನ್ ಲೈನಿನ ಗೋ ಅನ್ನುವ ಲೋಕಲ್ ರೈಲು ಹಿಡಿದು ಟೊರೊಂಟೊದ ಯೂನಿಯನ್ ಸ್ಟೇಷನ್‌ಗೆ ಹೋಗುತ್ತಾರೆ. ಅಮ್ಮನಿಗೆ ಈಗ ಹಗಲು ಹೊತ್ತೇ ಆಫೀಸು.

ಡಾಕ್ಟರು ಎರಡನೇ ಸಲ ಎಎಫ್‌ಕೆ ಪಾಸು ಮಾಡಿದರು. ಮುಂದಿನದು ಎಸಿಜೆ. ಅದಾದರೆ ಒಟ್ಟಾವಾದ ಪರೀಕ್ಷೆಗೆ ಕೈ ಪಳಗಿಸಿಕೊಳ್ಳಲು ಬೊಂಬೆ, ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಇರುವ ಕಡೆ ದಿನಕ್ಕಿಷ್ಟು ಅಂತ ಕೊಟ್ಟು ಅಭ್ಯಾಸ ಮಾಡಬೇಕು. ಆ ಖರ್ಚಿಗೆ ಹೊಸ ಶೀಟಿನಲ್ಲಿ ಸಾಲು ಇದೆ, ತಿಂಗಳಿಗೆ 500 ಡಾಲರ್ ಅದರಲ್ಲಿ ಬೀಳುತ್ತಿದೆ. 2027ರ ಏಪ್ರಿಲ್ ಕಾಲಂನಲ್ಲಿ ಪೌರತ್ವದ ಅರ್ಜಿ ಅಂತ ಬರೆದಿದೆ. ಅಷ್ಟರೊಳಗೆ ಎನ್‌ಡಿಇಸಿಸಿ ಆಗದಿದ್ದರೆ ಮತ್ತೆ ಕೂತು ಮಾತಾಡುವುದು ಅಂತಲೂ ಬರೆದಿದೆ. ಡಾಕ್ಟರ ಸಂಬಳದ ಸಾಲಿಗೆ ಈ ಸಲ ತಿಂಗಳು ಹಾಕಿಲ್ಲ.